‘ರಾಜರ ಕಾಲವೇ ಚೆನ್ನಾಗಿತ್ತು’ ಅನ್ನೋರಿಗೆ ಒಂದಿಷ್ಟು ಇತಿಹಾಸ



ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ, ಆಮೇಲೆ ಜಗಳ ಆಡೋಣ.

ದಸರಾ ಬಂದ್ರೆ ಸಾಕು, ಜೂನ್ 4ರ ನಾಲ್ವಡಿ ಜಯಂತಿ ಬಂದ್ರೆ ಸಾಕು, ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಮಾತು ಓಡಾಡುತ್ತೆ. "ಈ ರಾಜಕಾರಣಿಗಳಿಗಿಂತ ಮಹಾರಾಜರೇ ವಾಸಿ ಆಗಿದ್ರು." ಇದನ್ನ ಬೇರೆಯವರು ಹಾಕಿದ್ರೆ ನಾನು ತಲೆ ಕೆಡಿಸ್ಕೊಳ್ತಿರಲಿಲ್ಲ. ನಮ್ಮ ಹೊಸಮನೆ ಹುಡುಗರೇ, ಬಾಬಾಸಾಹೇಬರ ಫೋಟೋ ಡಿಪಿ ಇಟ್ಕೊಂಡಿರೋ ಹುಡುಗರೇ ಫಾರ್ವರ್ಡ್ ಮಾಡ್ತಾರೆ. ಕಳೆದ ಸಲ ಒಬ್ಬ ತಮ್ಮ ಇನ್ನೂ ಮುಂದೆ ಹೋಗಿ ಕೇಳಿದ. "ಅಣ್ಣಾ, ಇಂಗ್ಲೆಂಡಲ್ಲಿ ಈಗ್ಲೂ ರಾಜ ಇದಾನೆ. ಜಪಾನಲ್ಲಿ ಚಕ್ರವರ್ತಿ ಇದಾನೆ. ಅಲ್ಲೂ ಚುನಾವಣೆ ನಡೆಯುತ್ತೆ, ದೇಶ ಮುಂದುವರಿದಿದೆ. ನಮ್ಮ ಮೈಸೂರಲ್ಲೂ ರಾಜರು ಇದ್ರು, ಸಭೆನೂ ಇತ್ತು. ಹಾಗೇ ಮುಂದುವರಿಸಿದ್ರೆ ಏನಾಗ್ತಿತ್ತು?"

ಇದು ಬೈದು ಬಾಯಿ ಮುಚ್ಚಿಸೋ ಪ್ರಶ್ನೆ ಅಲ್ಲ. ಉತ್ತರ ಕೊಡಬೇಕಾದ ಪ್ರಶ್ನೆ. ಅದಕ್ಕೇ ಇಷ್ಟು ಬರೀತಿದೀನಿ.

ಮೊದಲೇ ಒಂದು ಮಾತು. ನಾನು ನಾಲ್ವಡಿ ಕೃಷ್ಣರಾಜ ಒಡೆಯರ ವಿರೋಧಿ ಅಲ್ಲ. ನಮ್ಮ ಮನೆ ಗೋಡೆ ಮೇಲೆ ಬಾಬಾಸಾಹೇಬರ ಪಕ್ಕದಲ್ಲೇ ಅವರ ಫೋಟೋನೂ ಇದೆ. ನಮ್ಮಜ್ಜಿ ಮಹಾರಾಜರ ಹೆಸರು ಹೇಳುವಾಗ ಕೈ ಮುಗೀತಿದ್ಲು. ಕಾರಣ ಇಲ್ಲದೆ ಅಲ್ಲ. ನಮ್ಮ ಮಕ್ಕಳಿಗೂ ಸರ್ಕಾರಿ ಶಾಲೆ ಬಾಗಿಲು ತೆಗೀಬೇಕು ಅಂತ ಆದೇಶ ಆಗಿದ್ದು ಅವರ ಕಾಲದಲ್ಲಿ. 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ಮಾಡಿ, ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡೋಕೆ ಹೊರಟಿದ್ದು ಅವರು. ಅದನ್ನ ಒಪ್ಪದೆ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರೂ ಮಹಾರಾಜರು ಹಿಂದೆ ಸರೀಲಿಲ್ಲ. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಗಿದ್ದೂ ಅವರ ಕಾಲದಲ್ಲೇ. ಇದೆಲ್ಲ ನಿಜ, ಇದಕ್ಕೆಲ್ಲ ಗೌರವ ಇದೆ.

ಆದ್ರೆ ಒಳ್ಳೆ ರಾಜ ಇದ್ದ ಅನ್ನೋದು ಬೇರೆ. ಒಳ್ಳೆ ವ್ಯವಸ್ಥೆ ಇತ್ತು ಅನ್ನೋದು ಬೇರೆ. ಈ ಎರಡನ್ನ ನಾವು ಕಲಸಿಬಿಟ್ಟಿದೀವಿ.

ಮೊದಲು ಇಂಗ್ಲೆಂಡ್ ವಿಷಯ ನೋಡೋಣ. ಅಲ್ಲಿ ರಾಜ ಇದಾನೆ, ಸರಿ. ಅವನು ಏನು ಮಾಡ್ತಾನೆ? ಪಾರ್ಲಿಮೆಂಟ್ ಶುರುವಾಗೋ ದಿನ ಕಿರೀಟ ಹಾಕ್ಕೊಂಡು ಬಂದು ಸರ್ಕಾರದ ಕಾರ್ಯಕ್ರಮ ಓದ್ತಾನೆ. ಆ ಭಾಷಣದ ಒಂದು ಸಾಲನ್ನೂ ಅವನು ಬರೆಯೋದಿಲ್ಲ. ಮಂತ್ರಿಗಳು ಬರೆದು ಕೊಡ್ತಾರೆ, ಅವನು ಓದ್ತಾನೆ. ಮಸೂದೆಗಳಿಗೆ ಅವನ ಒಪ್ಪಿಗೆ ಬೇಕು. ಆದ್ರೆ ಅಲ್ಲಿನ ದೊರೆಯೊಬ್ಬರು ಮಸೂದೆಗೆ ಒಪ್ಪಿಗೆ ಇಲ್ಲ ಅಂದಿದ್ದು ಕೊನೇ ಸಲ 1708ರಲ್ಲಿ, ರಾಣಿ ಆನ್ ಕಾಲದಲ್ಲಿ. ಮುನ್ನೂರು ವರ್ಷದ ಮೇಲಾಯ್ತು. ಪ್ರಧಾನಿಯನ್ನ ರಾಜನೇ ನೇಮಿಸ್ತಾನೆ, ಆದ್ರೆ ಕಾಮನ್ಸ್ ಸಭೆಯಲ್ಲಿ ಯಾರಿಗೆ ಬಹುಮತ ಇದೆಯೋ ಅವರನ್ನೇ ನೇಮಿಸಬೇಕು. ಪ್ರಧಾನಿ ಹೋಗಿ ವರದಿ ಒಪ್ಪಿಸಿದಾಗ ರಾಜ ಕೇಳಬಹುದು, ಧೈರ್ಯ ಹೇಳಬಹುದು, ಎಚ್ಚರಿಸಬಹುದು. ಅಷ್ಟೇ. ಕೊನೇ ಮಾತು ಮಂತ್ರಿಗಳದ್ದು.

ಮಂತ್ರಿಗಳು ಯಾರಿಗೆ ಹೆದರಬೇಕು? ರಾಜನಿಗಲ್ಲ. ಸಭೆಗೆ. 1979ರಲ್ಲಿ ಪ್ರಧಾನಿ ಜೇಮ್ಸ್ ಕ್ಯಾಲಹನ್ ಅವರ ಸರ್ಕಾರ 311–310, ಒಂದೇ ಒಂದು ಮತದಿಂದ ಬಿತ್ತು. ರಾಣಿಗೆ ಅವರು ಇಷ್ಟವೋ ಕಷ್ಟವೋ ಯಾರೂ ಕೇಳಲಿಲ್ಲ. ನಮ್ಮಲ್ಲೂ 1999ರಲ್ಲಿ ವಾಜಪೇಯಿ ಸರ್ಕಾರ ಹೀಗೇ ಒಂದು ಮತಕ್ಕೆ ಬಿತ್ತು, ನೆನಪಿದೆಯಲ್ಲ?

ಅಂದ್ರೆ ಸಂಸದೀಯ ರಾಜಪ್ರಭುತ್ವ ಅನ್ನೋ ಗಾಡಿಯ ಕಡಾಣಿ ಇರೋದು ಸಿಂಹಾಸನದಲ್ಲಲ್ಲ. ಸರ್ಕಾರ ನಡೆಸೋರನ್ನ ಜನರ ಪ್ರತಿನಿಧಿಗಳು ಕೆಳಗಿಳಿಸಬಹುದು ಅನ್ನೋದರಲ್ಲಿ. ಇದು ಅಲ್ಲಿನ ರಾಜರು ಖುಷಿಯಿಂದ ಕೊಟ್ಟಿದ್ದಲ್ಲ. 1649ರಲ್ಲಿ ಒಬ್ಬ ರಾಜನ ತಲೆ ತೆಗೆದರು. 1688ರಲ್ಲಿ ಇನ್ನೊಬ್ಬನನ್ನ ಓಡಿಸಿದರು. ಮರುವರ್ಷ, ಪಾರ್ಲಿಮೆಂಟ್ ಒಪ್ಪದೆ ಒಂದು ಪೈಸೆ ತೆರಿಗೆನೂ ಹಾಕಬಾರದು ಅಂತ ಬರೆಸ್ಕೊಂಡ್ರು. ಮೊದಲು ನಮ್ಮ ದೂರು ಕೇಳು, ಆಮೇಲೆ ನಿನಗೆ ಹಣ. ಇದು ಅವರ ಲೆಕ್ಕ.

ಈಗ ನಮ್ಮ ಮೈಸೂರಿಗೆ ಬನ್ನಿ. ಕಥೆ ಶುರುವಾಗೋದು ನಮ್ಮ ಜಿಲ್ಲೆಯಿಂದಲೇ.

1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಬಿದ್ದ ಮೇಲೆ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರನ್ನ ಪಟ್ಟಕ್ಕೆ ಕೂರಿಸಿದರು. ಕಂದಾಯದ ಹೊರೆ, ಗುತ್ತಿಗೆದಾರರ ಕಾಟ ತಡೀಲಾರದೆ 1830–31ರಲ್ಲಿ ನಗರದ ರೈತರು ದಂಗೆ ಎದ್ದರು. ನಗರ ಅಂದ್ರೆ ಈಗಿನ ಹೊಸನಗರ ತಾಲೂಕಿನ ನಗರ, ಹಳೇ ಬಿದನೂರು. ಆ ದಂಗೆ ನೆಪ ಮಾಡ್ಕೊಂಡು ಬ್ರಿಟಿಷರು 1831ರಲ್ಲಿ ಮಹಾರಾಜರ ಕೈಯಿಂದ ಆಡಳಿತ ಕಿತ್ಕೊಂಡ್ರು. ಮಲೆನಾಡಿನ ರೈತರು ಎದ್ದು ನಿಂತಾಗ ರಾಜನ ಆಡಳಿತವೇ ಅಲ್ಲಾಡಿತು, ನೋಡಿ. ಆದ್ರೆ ಅಧಿಕಾರ ರೈತರ ಕೈಗೆ ಬರಲಿಲ್ಲ. ಕಮಿಷನರ್ ಕೈಗೆ ಹೋಯ್ತು. ಐವತ್ತು ವರ್ಷ ಕಮಿಷನರ್ ಆಳ್ವಿಕೆ ನಡೀತು.

1881ರ ಮಾರ್ಚ್ 25ರಂದು ರಾಜ್ಯವನ್ನ ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟರು. ಷರತ್ತು ಹಾಕಿ ಕೊಟ್ಟರು. ಆ ಷರತ್ತಿನ ಪತ್ರದಲ್ಲಿ ಒಂದು ಮಾತಿದೆ. ಆಡಳಿತದ ವಿಷಯದಲ್ಲಿ ಗವರ್ನರ್ ಜನರಲ್ ಕೊಡೋ ಸಲಹೆಯಂತೆ ಮಹಾರಾಜರು ನಡ್ಕೋಬೇಕು.

ಇಲ್ಲಿ ಸ್ವಲ್ಪ ನಿಲ್ಲಿ. ಲಂಡನ್ನಿನಲ್ಲಿ ದೊರೆ ಯಾರ ಸಲಹೆಯಂತೆ ನಡೀಬೇಕು? ಜನ ಆರಿಸಿದ ಸಭೆಗೆ ಉತ್ತರ ಕೊಡೋ ಮಂತ್ರಿಗಳ ಸಲಹೆಯಂತೆ. ಮೈಸೂರಿನಲ್ಲಿ ದೊರೆ ಯಾರ ಸಲಹೆಯಂತೆ ನಡೀಬೇಕು? ಕಲ್ಕತ್ತೆಯಲ್ಲಿ ಕೂತ ಗವರ್ನರ್ ಜನರಲ್ ಸಲಹೆಯಂತೆ. ಎರಡು ಕಡೆನೂ ರಾಜನ ಕೈ ಕಟ್ಟಿದೆ. ಆದ್ರೆ ಹಗ್ಗ ಯಾರ ಕೈಯಲ್ಲಿದೆ ಅನ್ನೋದೇ ಎಲ್ಲಾ ವ್ಯತ್ಯಾಸ. ಅಲ್ಲಿ ಹಗ್ಗ ಜನರ ಕೈಗೆ ಬಂತು. ಇಲ್ಲಿ ಪರದೇಶಿ ಸರ್ಕಾರದ ಕೈಯಲ್ಲೇ ಉಳೀತು.

ಅದೇ 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಅಕ್ಟೋಬರ್ 7ರಂದು ದಸರಾ ಸಮಯದಲ್ಲಿ 144 ಮಂದಿ ಮೈಸೂರಿನಲ್ಲಿ ಸೇರಿದರು. ದೇಶೀ ಸಂಸ್ಥಾನಗಳಲ್ಲಿ ಇದು ದೊಡ್ಡ ಹೆಜ್ಜೆ, ಅದನ್ನ ಯಾರೂ ತೆಗೆದುಹಾಕೋ ಹಾಗಿಲ್ಲ. ಕಾಂಗ್ರೆಸ್ ಹುಟ್ಟಿದ್ದು ಅದಾದ ನಾಲ್ಕು ವರ್ಷಕ್ಕೆ, 1885ರಲ್ಲಿ. ನಮ್ಮ ಹೆಮ್ಮೆ ಪಡೋರು ಇಲ್ಲಿಗೇ ಕಥೆ ನಿಲ್ಲಿಸ್ತಾರೆ. ನಾವು ಮುಂದಕ್ಕೆ ಕೇಳೋಣ. ಆ ಸಭೆ ಏನು ಮಾಡ್ತಿತ್ತು? ದಿವಾನರು ಒಂದು ವರ್ಷದ ಲೆಕ್ಕ ಓದ್ತಿದ್ರು. ಸದಸ್ಯರು ಕೇಳಿಸ್ಕೊಳ್ತಿದ್ರು. ಆಮೇಲೆ ತಮ್ಮ ತಾಲೂಕಿನ ಕೆರೆ, ರಸ್ತೆ, ಕಂದಾಯದ ಕಷ್ಟ ಹೇಳ್ಕೊಳ್ತಿದ್ರು. ಅರ್ಜಿ ಕೊಡೋ ಹಕ್ಕು ಇತ್ತು. ದಿವಾನರೇ ಅಧ್ಯಕ್ಷರು. ದಿವಾನರು ಒಪ್ಪದಿದ್ರೆ ಸಭೆ ಏನು ಮಾಡಬಹುದಿತ್ತು? ಮುಂದಿನ ದಸರಾಕ್ಕೆ ಮತ್ತೆ ಬಂದು ಮತ್ತೆ ಕೇಳಬಹುದಿತ್ತು.

ಇನ್ನು ಆ ಸದಸ್ಯರು ಯಾರು? ಭೂಮಿ ಇದ್ದೋರು, ವ್ಯಾಪಾರಸ್ಥರು. 1891ರಿಂದ ಚುನಾವಣೆ ಬಂತು, ಆದ್ರೆ ವೋಟು ಯಾರಿಗೆ? ಇಷ್ಟು ಕಂದಾಯ ಕಟ್ಟಬೇಕು, ಇಷ್ಟು ಆಸ್ತಿ ಇರಬೇಕು, ಇಲ್ಲಾಂದ್ರೆ ಪದವಿ ಇರಬೇಕು ಅನ್ನೋ ಲೆಕ್ಕ. ಗೌಡರ ಗದ್ದೆಯಲ್ಲಿ ಜೀತ ಇದ್ದ ನಮ್ಮ ಮುತ್ತಜ್ಜ ಯಾವ ಕಂದಾಯ ಕಟ್ಟಬೇಕಿತ್ತು? ಭೂಮಿನೇ ಇಲ್ಲದೋನಿಗೆ ಕಂದಾಯದ ಮಾತೆಲ್ಲಿ? ಪ್ರಜಾಪ್ರತಿನಿಧಿ ಸಭೆಯಲ್ಲಿ ‘ಪ್ರಜೆ’ ಅಂದ್ರೆ ಅವನಲ್ಲ. ಮುಂದೆ ಆದಿ ಕರ್ನಾಟಕ, ಆದಿ ದ್ರಾವಿಡ ಅನ್ನೋ ಹೆಸರಲ್ಲಿ ನಮ್ಮವರಿಗೆ ಸಭೆಯಲ್ಲಿ ಜಾಗ ಸಿಕ್ಕಾಗಲೂ ಬಹಳ ಕಾಲ ಅದು ಸರ್ಕಾರದ ನಾಮಕರಣದಿಂದ. ನಾಮಕರಣ ಆದೋನು ತನ್ನನ್ನ ಕೂರಿಸಿದೋರ ಮುಖ ನೋಡಿ ಮಾತಾಡಬೇಕು. ಅವನ ತಪ್ಪಲ್ಲ, ಆ ಕುರ್ಚಿ ಹಾಗೆ ಮಾಡಿದ್ದು.

1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರಲ್ಲಿ ಬ್ರಜೇಂದ್ರನಾಥ ಸೀಲ್ ಅವರ ಸಮಿತಿ ವರದಿ ಆಧಾರದ ಮೇಲೆ ಎರಡೂ ಸಭೆಗಳಿಗೆ ಕಾನೂನಿನ ಬಲ ಬಂತು. ಹೆಣ್ಣುಮಕ್ಕಳಿಗೂ ಮತದ ಬಾಗಿಲು ತೆರೀತು. ಬಜೆಟ್ ಬೇಡಿಕೆಗಳ ಮೇಲೆ ಮತ ಹಾಕೋ ಅಧಿಕಾರನೂ ಬಂತು. ಆದ್ರೆ ಅರಮನೆ ಖರ್ಚಿನಂಥ ಬಾಬ್ತುಗಳು ಅದರಿಂದ ಹೊರಗೆ. ಎಲ್ಲಕ್ಕಿಂತ ಮುಖ್ಯವಾದ ಮಾತು ಅಂದ್ರೆ, ದಿವಾನರು ಸಭೆಗೆ ಜವಾಬ್ದಾರರಲ್ಲ. ಅವರನ್ನ ನೇಮಿಸೋದು ಮಹಾರಾಜರು, ತೆಗೆಯೋದೂ ಮಹಾರಾಜರು. ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್, ಎಲ್ಲರೂ ಕೆಲಸಗಾರರೇ. ಆದ್ರೆ ಒಬ್ಬರನ್ನೂ ಜನ ಆರಿಸಲಿಲ್ಲ, ಒಬ್ಬರನ್ನೂ ಜನ ಇಳಿಸೋಕಾಗ್ತಿರಲಿಲ್ಲ.

ನೋಡೋಕೆ ಮೈಸೂರು ಥೇಟ್ ಇಂಗ್ಲೆಂಡಿನ ಹಾಗೇ ಇತ್ತು. ರಾಜ ಇದ್ದ. ಪ್ರಧಾನಿ ಥರ ದಿವಾನ ಇದ್ದ. ಎರಡು ಸಭೆ ಇದ್ವು. ಪ್ರಶ್ನೋತ್ತರ ಇತ್ತು, ಬಜೆಟ್ ಇತ್ತು. ಕಡಾಣಿ ಮಾತ್ರ ಇರಲಿಲ್ಲ.

ಕಡಾಣಿ ಇಲ್ಲದ ಗಾಡಿ ಸಪಾಟು ರಸ್ತೆಯಲ್ಲಿ ಸಲೀಸಾಗಿ ಹೋಗುತ್ತೆ. ಹಳ್ಳ ಬಂದಾಗ ಗೊತ್ತಾಗೋದು. 1938ರ ಏಪ್ರಿಲ್ 25ರಂದು ಕೋಲಾರ ಕಡೆಯ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸೋಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಗ ಪಟ್ಟದಲ್ಲಿದ್ದೋರು ನಾಲ್ವಡಿಯವರೇ. ಗುಂಡು ಹಾರಿಸಿದ್ದು ಬ್ರಿಟಿಷ್ ಪೊಲೀಸರಲ್ಲ, ಮೈಸೂರಿನ ಪೊಲೀಸರು. ವಿಚಾರಣೆಗೆ ಸಮಿತಿ ಆಯ್ತು, ಪಟೇಲರು ಬಂದು ದಿವಾನರ ಜೊತೆ ಒಪ್ಪಂದ ಮಾಡಿದರು. ಆದ್ರೆ ಸಭೆಯಲ್ಲಿ ಕೈ ಎತ್ತಿ ಸರ್ಕಾರ ಇಳಿಸೋ ದಾರಿ? ಇರಲೇ ಇಲ್ಲ. ದಿವಾನ್ ಮಿರ್ಜಾ ಅವರು 1941ರವರೆಗೆ ಅದೇ ಹುದ್ದೆಯಲ್ಲಿದ್ರು.

ಆಮೇಲೆ ನಮ್ಮ ಶಿಕಾರಿಪುರದ ಈಸೂರು. 1942ರಲ್ಲಿ ಆ ಊರಿನೋರು ನಮ್ಮದೇ ಸರ್ಕಾರ ಅಂದ್ರು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ಮಾಡಿದರು. ಸೆಪ್ಟೆಂಬರ್ ಕೊನೆಗೆ ನಡೆದ ಗಲಾಟೆಯಲ್ಲಿ ನಿಜವಾದ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಸತ್ತರು. ಸೇನೆ ಬಂತು, ಊರು ಸೂರೆ ಹೋಯ್ತು. 1943ರ ಮಾರ್ಚ್‌ನಲ್ಲಿ ಐದು ಜನರನ್ನ ಬೆಂಗಳೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಇದನ್ನ ‘ಬ್ರಿಟಿಷರ ವಿರುದ್ಧ ಹೋರಾಟ’ ಅಂತ ಹೇಳ್ಕೊಡ್ತಾರೆ. ಸರಿಯೇ. ಆದ್ರೆ ಆ ಅಮಲ್ದಾರ ಯಾರ ನೌಕರ? ಆ ಕೋರ್ಟು ಯಾರದ್ದು? ಆ ಜೈಲು ಯಾರದ್ದು? ಮೈಸೂರು ಮಹಾರಾಜರ ಸರ್ಕಾರದ್ದು. ಇಂಗ್ಲೆಂಡಿನಲ್ಲೂ ಕ್ಷಮೆ ಕೊಡೋ ಅಧಿಕಾರ ರಾಜನ ಹೆಸರಲ್ಲೇ ಇದೆ. ಆದ್ರೆ ಅಲ್ಲಿ ಮಂತ್ರಿಯ ಸಲಹೆ ಮೇಲೆ ನಡೆಯುತ್ತೆ, ಆ ಮಂತ್ರಿ ನಾಳೆ ಸಭೆಯಲ್ಲಿ ಎದ್ದು ಯಾಕೆ ಕೊಟ್ಟೆ, ಯಾಕೆ ಕೊಡಲಿಲ್ಲ ಅಂತ ಹೇಳಬೇಕು. ಈಸೂರಿನ ಆ ಐದು ಮನೆಯವರು ಯಾವ ಸಭೆಯಲ್ಲಿ ಯಾರನ್ನ ಕೇಳಬೇಕಿತ್ತು?

ಅದಕ್ಕೇ ಆ ಕಾಲದ ಹೋರಾಟಗಾರರು ಕೇಳಿದ್ದು ‘ಜವಾಬ್ದಾರಿ ಸರ್ಕಾರ’. ಈ ಎರಡು ಪದ ಎಷ್ಟು ಸರಿಯಾಗಿದೆ ನೋಡಿ. ‘ರಾಜ ಬೇಡ’ ಅಂತ ಅವರು ಅನ್ನಲಿಲ್ಲ. ರಾಜರು ಇರಲಿ, ಸರ್ಕಾರ ನಮಗೆ ಉತ್ತರ ಕೊಡಲಿ ಅಂದ್ರು. ಅವರು ಕೇಳಿದ್ದೇ ಈ ತಮ್ಮ ಹೇಳೋ ಇಂಗ್ಲೆಂಡ್ ಥರದ ವ್ಯವಸ್ಥೆ!

ಕೊಟ್ಟರಾ? 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂತು. ಮೈಸೂರು ಭಾರತ ಒಕ್ಕೂಟಕ್ಕೆ ಸೇರಿತ್ತು. ಆದ್ರೆ ಒಳಗಿನ ಆಡಳಿತ ಇನ್ನೂ ದಿವಾನ್ ರಾಮಸ್ವಾಮಿ ಮೊದಲಿಯಾರ್ ಕೈಯಲ್ಲಿ. ಸ್ವತಂತ್ರ ಭಾರತದೊಳಗೆ ಸ್ವಾತಂತ್ರ್ಯಕ್ಕಾಗಿ ಇನ್ನೊಂದು ಚಳವಳಿ ಮಾಡಬೇಕಾಯ್ತು. ಸೆಪ್ಟೆಂಬರ್ 1ರಿಂದ ‘ಮೈಸೂರು ಚಲೋ’. ಕೆ.ಸಿ. ರೆಡ್ಡಿಯವರಂಥ ನಾಯಕರು ಜೈಲಿಗೆ ಹೋದರು. ಮೈಸೂರಿನಲ್ಲಿ ರಾಮಸ್ವಾಮಿ ಅನ್ನೋ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅಲ್ಲಿನ ರಾಮಸ್ವಾಮಿ ಸರ್ಕಲ್ ಆ ಹುಡುಗನ ಹೆಸರು. ದಸರಾ ಫೋಟೋ ತೆಗೆಸ್ಕೊಳ್ಳೋಕೆ ಹೋದಾಗ ಅಲ್ಲೂ ಒಂದು ನಿಮಿಷ ನಿಲ್ಲಿ.

ಅಕ್ಟೋಬರ್‌ನಲ್ಲಿ ಮಹಾರಾಜ ಜಯಚಾಮರಾಜ ಒಡೆಯರು ಒಪ್ಪಿದರು. ಅಕ್ಟೋಬರ್ ಕೊನೇ ವಾರ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ ಆದರು. ಆ ಮಂತ್ರಿಮಂಡಲದಲ್ಲಿ ನಮ್ಮವರಾದ ಆರ್. ಚನ್ನಿಗರಾಮಯ್ಯನವರೂ ಇದ್ದರು. ಯಾವ ರಾಜ್ಯದಲ್ಲಿ ನಮ್ಮೋರು ಅರಮನೆ ಮುಂದಿನ ರಸ್ತೆಯಲ್ಲಿ ತಲೆ ಎತ್ತಿ ನಡೆಯೋದೇ ಕಷ್ಟ ಇತ್ತೋ, ಅಲ್ಲಿ ಒಬ್ಬರು ಮಂತ್ರಿಯಾಗಿ ಕೂತರು.

ಅಲ್ಲಿಂದ 1950ರ ಜನವರಿವರೆಗೆ, ಸುಮಾರು 27 ತಿಂಗಳು, ಮೈಸೂರು ನಿಜವಾದ ಸಾಂವಿಧಾನಿಕ ರಾಜಪ್ರಭುತ್ವಕ್ಕೆ ತೀರಾ ಹತ್ತಿರ ಬಂದಿತ್ತು. ಸಿಂಹಾಸನದ ಮೇಲೆ ಮಹಾರಾಜರು, ಆಡಳಿತಕ್ಕೆ ಜನರ ಮಂತ್ರಿಗಳು. ಪೂರ್ತಿ ಅಲ್ಲ, ಯಾಕಂದ್ರೆ ದಿವಾನರ ಹುದ್ದೆ ಇನ್ನೂ 1949ರವರೆಗೆ ಉಳೀತು. ಆದ್ರೆ ನಮ್ಮ ನೆಲದಲ್ಲಿ ಆ ಪ್ರಯೋಗ ನಡೆದಿದ್ದು ಅಷ್ಟೇ ದಿನ.

ಈಗ ಒಂದು ತಾರೀಖು ಬರ್ಕೊಳ್ಳಿ. 1949ರ ನವೆಂಬರ್ 25.

ಆ ದಿನ ಮೈಸೂರು ಮಹಾರಾಜರು ಒಂದು ಘೋಷಣೆ ಹೊರಡಿಸಿದರು. ಭಾರತದ ಸಂವಿಧಾನವೇ ಇನ್ನು ಮೈಸೂರಿನ ಸಂವಿಧಾನ ಅಂತ. ಮೈಸೂರಿಗೇ ಬೇರೆ ಸಂವಿಧಾನ ಬರೆಯೋಕೆ ಅಂತ ಆಯ್ಕೆಯಾಗಿದ್ದ ಸಂವಿಧಾನ ಸಭೆನೇ, ಬೇಡ, ಭಾರತದ್ದೇ ಸಾಕು ಅಂತ ತೀರ್ಮಾನ ಮಾಡಿತ್ತು. ಮಹಾರಾಜರು ಆ ತೀರ್ಮಾನಕ್ಕೆ ಸಹಿ ಹಾಕಿದರು. ಜನರ ಸಭೆ ಹೇಳಿದ್ದಕ್ಕೆ ರಾಜ ಸಹಿ ಹಾಕೋದು, ಅದೂ ತನ್ನದೇ ಆಳ್ವಿಕೆ ಮುಗಿಸೋ ಕಾಗದಕ್ಕೆ! ಸಾಂವಿಧಾನಿಕ ರಾಜ ಮಾಡಬೇಕಾದ ಕೆಲಸ ಅದೇ. ಜಯಚಾಮರಾಜರು ಅದನ್ನ ಘನತೆಯಿಂದ ಮಾಡಿದರು. ಇದಕ್ಕೂ ನನ್ನ ಗೌರವ ಇದೆ.

ಅದೇ ದಿನ, ಅದೇ ನವೆಂಬರ್ 25ರಂದು, ದೆಹಲಿಯ ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ತಮ್ಮ ಕೊನೇ ದೊಡ್ಡ ಭಾಷಣ ಮಾಡಿದರು. ಜನವರಿ 26ರಿಂದ ರಾಜಕೀಯದಲ್ಲಿ ನಾವೆಲ್ಲ ಸಮ, ಸಮಾಜದಲ್ಲಿ ಆರ್ಥಿಕತೆಯಲ್ಲಿ ಮಾತ್ರ ಅಸಮಾನರಾಗೇ ಇರ್ತೀವಿ, ಈ ವಿರೋಧಾಭಾಸವನ್ನ ಬೇಗ ಸರಿ ಮಾಡದಿದ್ರೆ ನೊಂದ ಜನ ಈ ಕಟ್ಟಡವನ್ನೇ ಒಡೀತಾರೆ ಅಂತ ಎಚ್ಚರಿಸಿದರು. ಎಷ್ಟೇ ದೊಡ್ಡ ಮನುಷ್ಯ ಆಗ್ಲಿ, ಅವನ ಪಾದಕ್ಕೆ ನಿಮ್ಮ ಸ್ವಾತಂತ್ರ್ಯ ಒಪ್ಪಿಸಬೇಡಿ ಅಂದ್ರು. ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿ ಆಗಬಹುದು, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂದ್ರು.

ಒಂದೇ ದಿನ ಮೈಸೂರಿನಲ್ಲಿ ಒಬ್ಬ ರಾಜ ಕೆಳಗಿಳಿಯೋ ಕಾಗದಕ್ಕೆ ಸಹಿ ಹಾಕ್ತಾರೆ. ದೆಹಲಿಯಲ್ಲಿ ಒಬ್ಬ ಮಹಾರ್ ಮಗ ಇನ್ನು ಮುಂದೆ ಹೊಸ ರಾಜರನ್ನ ಮಾಡ್ಕೋಬೇಡಿ ಅಂತಾರೆ. ನಮ್ಮ ಮಕ್ಕಳಿಗೆ ಈ ತಾರೀಖು ಯಾವ ಪುಸ್ತಕದಲ್ಲಾದರೂ ಹೇಳ್ಕೊಟ್ಟಿದಾರಾ?

1950ರಿಂದ ಮಹಾರಾಜರು ರಾಜಪ್ರಮುಖರಾದರು. ವರ್ಷಕ್ಕೆ 26 ಲಕ್ಷ ರಾಜಧನ. 1956ರಲ್ಲಿ ಹೊಸ ಮೈಸೂರು ರಾಜ್ಯ ಆದಾಗ ಅವರೇ ಮೊದಲ ರಾಜ್ಯಪಾಲರು. ರಾಜಧನ 1971ರಲ್ಲಿ ನಿಂತಿತು. ಆಮೇಲೆ ಆ ಮನೆತನದವರು ಚುನಾವಣೆಗೆ ನಿಂತರು, ಗೆದ್ದರು, ಸೋತರು. ಯಾವ ಪಕ್ಷ ಅನ್ನೋದು ಇಲ್ಲಿ ನನ್ನ ವಿಷಯ ಅಲ್ಲ. ಅರಮನೆಯವರು ಬಂದು ಕೇರಿಯ ಹೆಣ್ಣುಮಗಳ ಮುಂದೆ ಕೈ ಮುಗಿದು ವೋಟು ಕೇಳೋದಿದೆಯಲ್ಲ, ಅದು ನನ್ನ ವಿಷಯ.

ಇನ್ನೊಂದು ಸಂಗತಿ. ನಾನು ಕಚೇರಿಯಲ್ಲಿ ಗುಮಾಸ್ತ. ದಿನಾ ಸರ್ಕಾರಿ ಆದೇಶಗಳನ್ನ ಟೈಪ್ ಮಾಡೋದು, ಫೈಲಿಗೆ ಹಾಕೋದು ನನ್ನ ಕೆಲಸ. ಯಾವ ಆದೇಶ ಬೇಕಾದ್ರೂ ತೆಗೆದು ಕೊನೇ ಸಾಲು ನೋಡಿ. "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಅಂತ ಇರುತ್ತೆ. ಅದರ ಕೆಳಗೆ ಸಹಿ ಒಬ್ಬ ಅಧೀನ ಕಾರ್ಯದರ್ಶಿಯದ್ದು. ರಾಜ್ಯಪಾಲರಿಗೆ ಆ ಆದೇಶ ಹೊರಟಿದ್ದೂ ಗೊತ್ತಿರಲ್ಲ! ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ಇದೇನ್ ಸಾರ್ ಅಂತ ಕೇಳ್ತಾರೆ. ಇದೇ ಕಣಪ್ಪಾ ಇಂಗ್ಲೆಂಡಿನ ರಾಜ. ಸಂವಿಧಾನದ 166ನೇ ವಿಧಿ ಎಲ್ಲಾ ಆದೇಶ ರಾಜ್ಯಪಾಲರ ಹೆಸರಲ್ಲಿ ಹೊರಡಬೇಕು ಅನ್ನುತ್ತೆ. 163ನೇ ವಿಧಿ ಮಂತ್ರಿಮಂಡಲದ ಸಲಹೆ ಮಾತು ಹೇಳುತ್ತೆ. ಬಾಬಾಸಾಹೇಬರೇ 1948ರ ನವೆಂಬರ್‌ನಲ್ಲಿ ಕರಡು ಮಂಡಿಸುವಾಗ, ನಮ್ಮ ರಾಷ್ಟ್ರಪತಿ ಸ್ಥಾನ ಇಂಗ್ಲೆಂಡಿನ ದೊರೆಯ ಸ್ಥಾನದ ಹಾಗೆ, ಅವರು ರಾಜ್ಯದ ಮುಖ್ಯಸ್ಥರು, ಆಡಳಿತದ ಮುಖ್ಯಸ್ಥರಲ್ಲ ಅಂತ ಬಿಡಿಸಿ ಹೇಳಿದ್ದರು.

ಅಂದ್ರೆ ಬಾಬಾಸಾಹೇಬರು ಆ ಗಾಡಿಯ ಕಡಾಣಿಯನ್ನ ತಗೊಂಡ್ರು. ಸಿಂಹಾಸನ ಮಾತ್ರ ಬಿಟ್ಟು ಬಂದ್ರು. ಯಾಕೆ ಬಿಟ್ಟರು? ಸಿಂಹಾಸನಕ್ಕೆ ಹುಟ್ಟಿನಿಂದ ಹಕ್ಕು ಬರುತ್ತೆ. ಹುಟ್ಟಿನಿಂದ ಒಬ್ಬ ಮೇಲು ಅಂತ ಒಪ್ಪಿದ ದಿನ ಹುಟ್ಟಿನಿಂದ ಇನ್ನೊಬ್ಬ ಕೀಳು ಅನ್ನೋದನ್ನೂ ಒಪ್ಪಿದ ಹಾಗೆ. ಇಂಗ್ಲೆಂಡಿನೋನಿಗೆ ಅದು ಬರೀ ಅಲಂಕಾರ ಇರಬಹುದು. ನಮಗಲ್ಲ. ಅವರಲ್ಲಿ ಹುಟ್ಟಿನ ಪಟ್ಟ ಒಂದು ಮನೆಗೆ. ನಮ್ಮಲ್ಲಿ ಹುಟ್ಟಿನ ಪಟ್ಟ ಊರೂರಿಗೆ. ಮಹಾರಾಜರು ದೂರದ ಮೈಸೂರಲ್ಲಿ ಇದ್ರು. ನಮ್ಮಜ್ಜನ ಪಾಲಿಗೆ ಸರ್ಕಾರ ಅಂದ್ರೆ ಪಟೇಲ ಮತ್ತು ಶಾನುಭೋಗ. ಅವರ ಹುದ್ದೆನೂ ವಂಶಪಾರಂಪರ್ಯ. ನಮ್ಮಜ್ಜನ ತೋಟಿ ಕೆಲಸನೂ ವಂಶಪಾರಂಪರ್ಯ. ಪಟೇಲನ ಮಗ ಪಟೇಲ, ತೋಟಿ ಮಗ ತೋಟಿ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಬಂದ ಮೇಲೆ ಈ ಸಣ್ಣ ಸಿಂಹಾಸನಗಳು ಕಾಗದದ ಮೇಲೆ ಬಿದ್ದವು. ಮಾಡಿದ್ದು ಯಾರು? ವಿಧಾನಸಭೆ. ಅದರಲ್ಲಿ ನಮ್ಮ ವೋಟಿನಿಂದ ಗೆದ್ದವರೂ ಇದ್ದರು.

ಹಾಗಾದ್ರೆ ರಾಜ ಸುಮ್ನೆ ಸಹಿ ಹಾಕ್ಕೊಂಡು ಇದ್ದುಬಿಡ್ತಾನೆ ಅಂತ ಗ್ಯಾರಂಟಿ ಇದೆಯಾ? ಪಕ್ಕದ ನೇಪಾಳ ನೋಡಿ. 1990ರಲ್ಲಿ ಅಲ್ಲಿ ಸಾಂವಿಧಾನಿಕ ರಾಜಪ್ರಭುತ್ವ ಬಂತು. 2005ರಲ್ಲಿ ರಾಜ ಜ್ಞಾನೇಂದ್ರ ಸರ್ಕಾರವನ್ನ ಮನೆಗೆ ಕಳಿಸಿ ಎಲ್ಲಾ ಅಧಿಕಾರ ಕೈಗೆ ತಗೊಂಡ. ಜನ ಬೀದಿಗಿಳಿದರು, 2008ರಲ್ಲಿ ರಾಜತ್ವವೇ ಹೋಯ್ತು. ನಮ್ಮಲ್ಲೂ ಕಿರೀಟ ಇಲ್ಲದಿದ್ರೂ ಆ ಚಾಳಿ ಇದೆ. 1989ರಲ್ಲಿ ಇದೇ ಕರ್ನಾಟಕದಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬಹುಮತ ಇಲ್ಲ ಅಂತ ರಾಜ್ಯಪಾಲರು ರಾಜಭವನದಲ್ಲೇ ಕೂತು ತೀರ್ಮಾನ ಮಾಡಿ ವರದಿ ಕಳಿಸಿದರು, ಸರ್ಕಾರ ವಜಾ ಆಯ್ತು. 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಬಹುಮತ ಎಣಿಸೋ ಜಾಗ ರಾಜಭವನ ಅಲ್ಲ, ಸದನ. ಇಡೀ ದೇಶಕ್ಕೆ ಈ ಪಾಠ ಹೋಗಿದ್ದು ನಮ್ಮ ರಾಜ್ಯದ ಕೇಸಿನಿಂದ.

ಈಗ ನಮ್ಮ ಬುಡಕ್ಕೆ ಬರೋಣ. ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ ಭದ್ರಾವತಿಯ ನೆಲದಲ್ಲಿ ನಿಂತು ನಾವೇ ಇವತ್ತು ಏನು ಮಾಡ್ತಿದೀವಿ? ಚರಂಡಿ ಆದ್ರೆ ಫ್ಲೆಕ್ಸ್. ಸಿಮೆಂಟ್ ರಸ್ತೆ ಆದ್ರೆ ಫ್ಲೆಕ್ಸ್. "ರಸ್ತೆ ಕೊಟ್ಟ ಸಾಹೇಬರಿಗೆ ಹೃತ್ಪೂರ್ವಕ ಧನ್ಯವಾದಗಳು." ಯಾರು ಕೊಟ್ಟಿದ್ದು ಮಾರಾಯ್ರೇ? ಅವರ ಮನೆಯಿಂದ ತಂದರಾ? ನಮ್ಮ ಹಣ, ನಮ್ಮ ಆದೇಶ, ನಮ್ಮ ಹಕ್ಕು. 2013ರಲ್ಲಿ ನಮ್ಮ ವಿಧಾನಮಂಡಲ ಒಂದು ಕಾಯ್ದೆ ಮಾಡಿತು, ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ ಕಾಯ್ದೆ. ನಮ್ಮ ಜನಸಂಖ್ಯೆ 2011ರ ಜನಗಣತಿ ಪ್ರಕಾರ ಪರಿಶಿಷ್ಟ ಪಂಗಡವೂ ಸೇರಿ ಶೇಕಡಾ 24.1. ಅಷ್ಟು ಪಾಲು ಯೋಜನಾ ಹಣ ನಮಗೆ ಇಡಲೇಬೇಕು. ಅದರಲ್ಲಿ ಸಾಮಾನ್ಯ ಕೆಲಸಗಳಿಗೆ ಹೋದ ಹಣವನ್ನೂ ನಮ್ಮ ಲೆಕ್ಕಕ್ಕೆ ಬರೆಯೋಕೆ ದಾರಿ ಮಾಡಿದ್ದ 7ಡಿ ಅನ್ನೋ ಕಲಮು ಇತ್ತು. ನಮ್ಮ ಸಂಘಟನೆಗಳು ವರ್ಷಗಟ್ಟಲೆ ಕೂಗಾಡಿದ ಮೇಲೆ 2023ರಲ್ಲಿ ತೆಗೆದರು.

ನೋಡಿ, ನಾಲ್ವಡಿಯವರ ಶಾಲೆ ಆದೇಶಕ್ಕೂ ಈ ಕಾಯ್ದೆಗೂ ಇರೋ ವ್ಯತ್ಯಾಸ ಇಷ್ಟೇ. ಅದು ಒಬ್ಬ ದೊಡ್ಡ ಮನಸ್ಸಿನ ಮನುಷ್ಯ ಕೊಟ್ಟಿದ್ದು. ಊರಿನ ಮೇಷ್ಟ್ರು ಆ ಆದೇಶ ಪಾಲಿಸದೆ ನಮ್ಮ ಮಕ್ಕಳನ್ನ ಜಗಲಿ ಮೇಲೆ ಕೂರಿಸಿದರೆ ನಮ್ಮಜ್ಜ ಮಹಾರಾಜರಿಗೆ ಮನವಿ ಬರೀಬೇಕಿತ್ತು. ಬರೆಯೋಕೆ ಅಕ್ಷರ ಬೇಕು. ಅಕ್ಷರ ಕಲಿಯೋಕೆ ಶಾಲೆ ಒಳಗೆ ಹೋಗಬೇಕು! ಈ ಕಾಯ್ದೆ ಹಾಗಲ್ಲ. ಹಣ ಬೇರೆ ಕಡೆ ಹೋದ್ರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಶಾಸಕರ ಕೈಯಲ್ಲಿ ಸದನದಲ್ಲಿ ಪ್ರಶ್ನೆ ಕೇಳಿಸಬಹುದು, ಕೋರ್ಟಿಗೆ ಹೋಗಬಹುದು, ಐದು ವರ್ಷಕ್ಕೆ ಒಂದು ಸಲ ಆಳು ಬದಲಾಯಿಸಬಹುದು. ಒಳ್ಳೆ ರಾಜ ಸತ್ತರೆ ಅವನ ಒಳ್ಳೆತನನೂ ಅವನ ಜೊತೆ ಹೋಗಬಹುದು. ಒಳ್ಳೆ ಶಾಸಕ ಸೋತರೂ ಕಾಯ್ದೆ ಇರುತ್ತೆ.

ಈಗಿನ ರಾಜಕಾರಣಿಗಳು ಭ್ರಷ್ಟರು, ಒಪ್ತೀನಿ. ನಾನೂ ಕಚೇರಿಯೊಳಗೇ ಇರೋನು, ನನಗೆ ಗೊತ್ತಿಲ್ವಾ? ಆದ್ರೆ ಅದಕ್ಕೆ ಮದ್ದು ರಾಜರನ್ನ ನೆನೆಸ್ಕೊಂಡು ನಿಟ್ಟುಸಿರು ಬಿಡೋದಲ್ಲ. ನಮ್ಮ ಕೈಯಲ್ಲಿರೋ ಹಗ್ಗ ಎಳೆಯೋದು. ನಮ್ಮ ಹಿರೀಕರಿಗೆ ಆ ಹಗ್ಗನೇ ಇರಲಿಲ್ಲ.

ಆ ತಮ್ಮ ಕೇಳಿದ್ನಲ್ಲ, ಹಾಗೇ ಮುಂದುವರಿಸಿದ್ರೆ ಏನಾಗ್ತಿತ್ತು ಅಂತ. ಉತ್ತರ ಇಷ್ಟೇ ಕಣೋ. ಇಂಗ್ಲೆಂಡ್ ಉದ್ಧಾರ ಆಗಿದ್ದು ರಾಜನಿಂದ ಅಲ್ಲ, ರಾಜನ ಕೈ ಕಟ್ಟಿದ್ದರಿಂದ. ನಮ್ಮಲ್ಲಿ ಕೈ ಕಟ್ಟಬೇಕಾಗಿದ್ದು ಒಬ್ಬ ರಾಜನದ್ದಲ್ಲ, ಪ್ರತಿ ಊರಿನ ಪಟೇಲನದ್ದು. ಅದಕ್ಕೇ ಬಾಬಾಸಾಹೇಬರು ಹುಟ್ಟಿನ ಪಟ್ಟವನ್ನೇ ಬಿಟ್ಟರು, ಜವಾಬ್ದಾರಿ ಸರ್ಕಾರವನ್ನ ಮಾತ್ರ ತಂದರು. ನಾಲ್ವಡಿಯವರ ಫೋಟೋ ಗೋಡೆ ಮೇಲಿರಲಿ, ನಮ್ಮ ಮನೆಯಲ್ಲೂ ಇರುತ್ತೆ. ಆ ಜಾಗಕ್ಕೆ ಹೊಸ ಮಹಾರಾಜರನ್ನ ಮಾತ್ರ ತಂದು ಕೂರಿಸಬೇಡಿ, ಅವರು ನಮ್ಮೋರೇ ಆಗಿದ್ರೂ ಸರಿ.

ನವೆಂಬರ್ 26ಕ್ಕೆ ಎಲ್ಲರೂ ಸಂವಿಧಾನ ದಿನ ಮಾಡ್ತಾರೆ. ಈ ಸಲ ನಾವು ಒಂದು ದಿನ ಮುಂಚೆ, 25ರ ಸಂಜೆ ಹೊಸಮನೆಯಲ್ಲಿ ಸೇರೋಣ. ಹಾರ ಬೇಡ, ಫ್ಲೆಕ್ಸ್ ಬೇಡ, ಸಾಹೇಬರು ಯಾರೂ ಬೇಡ. ಬಾಬಾಸಾಹೇಬರ ಆ ದಿನದ ಭಾಷಣವನ್ನ ಮಕ್ಕಳ ಕೈಲಿ ಗಟ್ಟಿಯಾಗಿ ಓದಿಸೋಣ. ಆಮೇಲೆ ನಮ್ಮ ವಾರ್ಡಿಗೆ ಎಷ್ಟು ಹಣ ಬಂತು, ಎಲ್ಲಿಗೆ ಹೋಯ್ತು ಅಂತ ಒಂದು ಮಾಹಿತಿ ಹಕ್ಕು ಅರ್ಜಿ ಬರೆಯೋಣ. ಅರ್ಜಿ ನಮೂನೆ ನಾನು ತರ್ತೀನಿ, ಹತ್ತು ರೂಪಾಯಿ ನೀವು ತನ್ನಿ.

ಒಪ್ಪದಿದ್ರೆ ಕಾಮೆಂಟಲ್ಲಿ ಕೇಳಿ, ಉತ್ತರ ಕೊಡೋ ಜವಾಬ್ದಾರಿ ನನ್ನದು.

ಜೈ ಭೀಮ್. ಜೈ ಸಂವಿಧಾನ.